ಗಾಳ ಹಾಕುವ ಮುನ್ನ ಕಡಲಿನ ಗಡಿಯಾರ ನೋಡಿ

ಕಳೆದ ತಿಂಗಳ ಅಂಕಣದ ಕೊನೆಯಲ್ಲಿ, ಭಾನುವಾರ ಬೆಳಿಗ್ಗೆ ಗಾಳ ಹಾಕಲು ಹೋಗುತ್ತೇನೆ ಎಂದು ಒಂದೇ ಒಂದು ಸಾಲು ಬರೆದಿದ್ದೆ. ಲೇಖನದ ಮುಖ್ಯ ವಿಷಯದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಗಾಳದ ಬಗ್ಗೆ ಮಾತ್ರ ಹನ್ನೊಂದು ಜನ ಬರೆದರು! ಅವರಲ್ಲಿ ಒಂಬತ್ತು ಜನರ ಪ್ರಶ್ನೆ ಒಂದೇ: ಯಾವ ರಾಡ್ ತೆಗೆದುಕೊಳ್ಳಲಿ? ಪುಣೆಯ ಓದುಗರೊಬ್ಬರು ಆಗಲೇ ಹದಿನೆಂಟು ಸಾವಿರದ ಸೆಟ್ ಆರ್ಡರ್ ಮಾಡಿ, ಅದನ್ನು ಕೊಂಕಣದಲ್ಲಿ ಎಲ್ಲಿ ಹಾಕಬೇಕು ಎಂದು ಆಮೇಲೆ ಕೇಳಿದ್ದಾರೆ. ನಮ್ಮ ಐಟಿಯವರ ಪದ್ಧತಿಯೇ ಹಾಗೆ. ಓಡಲು ಶುರು ಮಾಡುವ ಮೊದಲು ವಾಚು ಬರುತ್ತದೆ.

ಚೆನ್ನೈನಿಂದ ಒಬ್ಬ ಅಕ್ಕ ಮಾತ್ರ ಬೇರೆ ರೀತಿ ಕೇಳಿದ್ದಾರೆ. 'ಮೇ ರಜೆಯಲ್ಲಿ ಮಗನನ್ನು ಕರೆದುಕೊಂಡು ಹೋಗಬೇಕೆಂದಿದ್ದೇವೆ, ಎಂಟು ವರ್ಷ ಅವನಿಗೆ. ಬಂಡೆಯ ಮೇಲೆ ಕೂತು ಹಿಡಿಯಬಹುದಾ?' ಅವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಂಡೆ ಬೇಡ. ಮರಳಿನ ತೀರಕ್ಕೆ ಕರೆದುಕೊಂಡು ಹೋಗಿ, ಕಾಣೆ ಮೀನು ಹಿಡಿಯಿರಿ. ಯಾಕೆ ಅಂತ ಮುಂದೆ ಬರುತ್ತದೆ.

ನಾನು ಕುಂದಾಪುರ ಕಡೆಯವನು. ನಮ್ಮ ಮಾವ ಗಂಗೊಳ್ಳಿಯ ಅಳಿವೆಯಲ್ಲಿ ಕೈಗಾಳ ಹಾಕುತ್ತಿದ್ದರು. ರಾಡ್ ಇಲ್ಲ, ರೀಲ್ ಇಲ್ಲ, ಒಂದು ಮರದ ತುಂಡಿಗೆ ಸುತ್ತಿದ ತಂಗೂಸಿ, ಒಂದು ಸೀಸದ ಗುಂಡು, ಒಂದು ಕೊಕ್ಕೆ. ಅವರು ಮನೆಗೆ ತಂದಷ್ಟು ಮೀನನ್ನು ಇಲ್ಲಿ ಜಪಾನಿನ ರೀಲ್ ಹಿಡಿದವರು ತಂದದ್ದನ್ನು ನಾನು ನೋಡಿಲ್ಲ. ಆದರೆ ಹದಿಮೂರು ವರ್ಷ ನವಿ ಮುಂಬೈಯಲ್ಲಿದ್ದು, ಅಲಿಬಾಗ್, ರೇವದಂಡಾ, ಮುರುಡ್, ಶ್ರೀವರ್ಧನ್ ಎಂದು ಅಲೆದ ಮೇಲೆ ಒಂದು ಮಾತು ಖಾತ್ರಿಯಾಗಿ ಹೇಳಬಲ್ಲೆ. ಕರಾವಳಿಯಿಂದ ಬಂದ ನಮ್ಮವರೇ ಇಲ್ಲಿನ ಕಡಲಲ್ಲಿ ಹೆಚ್ಚು ಅಪಾಯಕ್ಕೆ ಸಿಗುವವರು. ಈಜು ಬರುತ್ತದೆ, ಕಡಲು ಗೊತ್ತಿದೆ ಎಂಬ ಧೈರ್ಯ ಇರುತ್ತದೆ. ಗೊತ್ತಿರುವುದು ಊರಿನ ಕಡಲು.

ಲೆಕ್ಕ ನೋಡಿ. ಮಲ್ಪೆ, ಕುಂದಾಪುರದ ಕಡೆ ಭರತಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಚೆನ್ನೈಯಲ್ಲಿ ಇನ್ನೂ ಕಡಿಮೆ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಅದು 4 ಮೀಟರ್ ದಾಟುತ್ತದೆ. ಅಂದರೆ ನೀವು ಬೆಳಿಗ್ಗೆ ನಡೆದುಕೊಂಡು ಹೋದ ಜಾಗದ ಮೇಲೆ ಮಧ್ಯಾಹ್ನಕ್ಕೆ ಎರಡಾಳು ನೀರು. ಅದೂ ಒಂದೇ ಸಮನೆ ಏರುವುದಿಲ್ಲ. ಆರು ಗಂಟೆಯ ಏರಿಕೆಯಲ್ಲಿ ಮೊದಲ ಗಂಟೆ ಏನೂ ಆಗದಂತೆ ಇರುತ್ತದೆ. ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಬಂದುಬಿಡುತ್ತದೆ. 4 ಮೀಟರಿನ ದಿನವಾದರೆ ಆ ಎರಡು ಗಂಟೆಗಳಲ್ಲಿ ಗಂಟೆಗೊಂದು ಮೀಟರ್. ಮೀನು ಕಚ್ಚತೊಡಗಿ ಮೈಮರೆತು ಕೂತವರಿಗೆ ಇದು ಕಾಣಿಸುವುದಿಲ್ಲ.

ಕೊಂಕಣದ ಬಂಡೆಗಳು ಇದಕ್ಕೆ ಸರಿಯಾಗಿ ಹೊಂದುವಂತಿವೆ. ಕಪ್ಪು ಬಸಾಲ್ಟ್ ಕಲ್ಲಿನ ಚಪ್ಪಟೆ ಹಾಸು ಇಳಿತದ ಹೊತ್ತಿಗೆ ದೂರದವರೆಗೆ ಬಯಲಾಗುತ್ತದೆ, ಆರಾಮಾಗಿ ನಡೆದು ತುದಿಗೆ ಹೋಗಬಹುದು. ನೀರು ಏರುವಾಗ ಎದುರಿನಿಂದ ಮಾತ್ರ ಬರುವುದಿಲ್ಲ. ನಿಮ್ಮ ಬೆನ್ನ ಹಿಂದಿನ ಕಾಲುವೆಗಳಲ್ಲಿ ಮೊದಲು ತುಂಬುತ್ತದೆ. ಎರಡು ವರ್ಷದ ಕೆಳಗೆ ರೇವದಂಡಾ ಆಚೆ ನಾನೂ ಒಬ್ಬ ಸ್ನೇಹಿತರೂ ದಡದಲ್ಲಿ ಚಹಾ ಕುಡಿಯುತ್ತಿದ್ದಾಗ, ಹಾಸಿನ ತುದಿಯಲ್ಲಿ ಮೂರು ಹುಡುಗರು ನಿಂತಿದ್ದರು. ಒಳ್ಳೆಯ ರಾಡ್, ಕಪ್ಪು ಕನ್ನಡಕ, ಎಲ್ಲ ಇತ್ತು. ಅವರ ಮತ್ತು ದಡದ ನಡುವೆ ಆಗಲೇ ಸೊಂಟದವರೆಗೆ ನೀರು. ಅವರು ಇನ್ನೂ ಸಮುದ್ರವನ್ನೇ ನೋಡುತ್ತಿದ್ದಾರೆ! ಬಲೆ ಒಣಹಾಕುತ್ತಿದ್ದ ಕೋಳಿ ಸಮಾಜದ ಅಜ್ಜ ಒಬ್ಬರು ಕೂಗಿ ಕೂಗಿ ಸಾಲದೆ, ಕಡೆಗೆ ಮೊಮ್ಮಗನನ್ನು ಹಗ್ಗ ಕೊಟ್ಟು ಕಳಿಸಿ ದಡಕ್ಕೆ ತಂದರು. ಹುಡುಗರು ಅಜ್ಜನಿಗೆ ಐನೂರು ರೂಪಾಯಿ ಕೊಡಲು ಹೋದರು. ಅಜ್ಜ ತೆಗೆದುಕೊಳ್ಳಲಿಲ್ಲ. 'ಪಂಚಾಂಗ ಕೊಂಡುಕೊಳ್ಳಿ' ಎಂದರು.

ತಮಾಷೆಯ ಮಾತಲ್ಲ ಅದು. ಕೊಂಕಣದ ಮೀನುಗಾರರ ಹಳೆಯ ಲೆಕ್ಕವೊಂದಿದೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಬಹಳ ಉಪಯೋಗಕ್ಕೆ ಬರುತ್ತದೆ. ಅಂದಿನ ತಿಥಿಯ ಸಂಖ್ಯೆಯ ಮುಕ್ಕಾಲು ಭಾಗವೇ ಭರತದ ಗಂಟೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು, ಸುಮಾರು 3 ಗಂಟೆಗೆ ನೀರು ಪೂರ್ತಿ ಏರಿರುತ್ತದೆ. ಅಷ್ಟಮಿಗೆ 6 ಗಂಟೆ. ಏಕಾದಶಿಗೆ ಎಂಟೂಕಾಲು. ಹುಣ್ಣಿಮೆ, ಅಮಾವಾಸ್ಯೆಗೆ ಸುಮಾರು 12. ಹಗಲಿಗೂ ರಾತ್ರಿಗೂ ಇದೇ ಲೆಕ್ಕ, ಅಲ್ಲಿಂದ ಆರು ಗಂಟೆ ಆಚೀಚೆ ಇಳಿತ. ಇದು ಅಂದಾಜು, ಅರ್ಧ ಗಂಟೆ ಹೆಚ್ಚುಕಮ್ಮಿ ಆದೀತು. ಮುಂಬೈ, ರಾಯಗಢ ಕಡೆಗೆ ಕೂಡಿಬರುವ ಲೆಕ್ಕ, ಚೆನ್ನೈಗೆ ಒಯ್ಯಬೇಡಿ. ಫೋನಿನಲ್ಲಿ ಟೈಡ್ ಟೇಬಲ್ ಇದ್ದರೆ ಅದನ್ನೇ ನೋಡಿ, ಆದರೆ ಲೆಕ್ಕ ತಲೆಯಲ್ಲಿರಲಿ.

ಈಗ ಇದನ್ನು ನಮ್ಮ ವೀಕೆಂಡಿಗೆ ಹೊಂದಿಸಿ. ಹುಣ್ಣಿಮೆಯ ಭಾನುವಾರ ಎಂದುಕೊಳ್ಳಿ. ಬೆಳಿಗ್ಗೆ 6ಕ್ಕೆ ಇಳಿತ, ಬಂಡೆಯ ಹಾಸು ಪೂರ್ತಿ ಬಯಲು. ಏಳಕ್ಕೆ ನಡೆದು ಹೋಗುತ್ತೀರಿ, ಎಂಟಕ್ಕೆ ಗಾಳ ಬೀಳುತ್ತದೆ, ಎಂಟೂವರೆಗೆ ಮೊದಲ ಕಚ್ಚು. ಒಂಬತ್ತಕ್ಕೆ ನೀರು ಅತಿ ವೇಗವಾಗಿ ಏರುವ ಗಂಟೆ. ವಾರವಿಡೀ ಡೆಡ್‌ಲೈನ್ ನೋಡುವ ನಾವು ಈ ಒಂದು ಡೆಡ್‌ಲೈನ್ ಮಾತ್ರ ನೋಡುವುದಿಲ್ಲ.

ಹೊಸಬರು ಬಂಡೆಗೆ ಹೋಗುವುದಾದರೆ ಸಪ್ತಮಿಯಿಂದ ದಶಮಿಯವರೆಗಿನ ದಿನಗಳು ಒಳ್ಳೆಯವು, ನೀರಿನ ಏರಿಳಿತ ಕಡಿಮೆ. ತಗ್ಗಿನ ಹಾಸಿಗೆ ಹೋಗುವುದಾದರೆ ಭರತ ಮುಗಿದು ನೀರು ಇಳಿಯುವಾಗ ಹಿಂದೆಯೇ ಹೋಗಿ, ಇಳಿತ ಮುಗಿಯುವ ಮೊದಲೇ ವಾಪಸು ಹೊರಡಿ. ಎತ್ತರದ ಬಂಡೆಯಾದರೆ ಏರು ನೀರಿನಲ್ಲೂ ಕೂರಬಹುದು, ಆದರೆ ಹಿಂದಿರುಗುವ ದಾರಿ ಒಣಗಿರುತ್ತದೆಯೇ ಎಂಬುದನ್ನು ಬಂಡೆಯೇ ಹೇಳುತ್ತದೆ. ಕಲ್ಲಿಗೆ ಅಂಟಿದ ಚಿಪ್ಪುಗಳು, ಕಪ್ಪು ಪಾಚಿ ಎಲ್ಲಿಯವರೆಗೆ ಇವೆಯೋ ಅಲ್ಲಿಯವರೆಗೆ ನೀರು ಬರುತ್ತದೆ ಅಂತಲೇ ಅರ್ಥ. ನೀವು ಕೂರುವ ಜಾಗವೂ ನಡೆಯುವ ದಾರಿಯೂ ಆ ಗೆರೆಗಿಂತ ಮೇಲಿರಬೇಕು. ಆ ಕಪ್ಪು ಪಾಚಿ ಒದ್ದೆಯಾದರೆ ಯಾವ ಬ್ರ್ಯಾಂಡಿನ ಬೂಟೂ ನಿಲ್ಲುವುದಿಲ್ಲ. ಚಪ್ಪಲಿ, ಕ್ರಾಕ್ಸ್ ಅಂತೂ ಬೇಡವೇ ಬೇಡ.

ಭರತ ಇಳಿತಕ್ಕೆ ಪಂಚಾಂಗ ಇದೆ. ಅಲೆಗೆ ಇಲ್ಲ. ಗಾಳಿಯೇ ಇಲ್ಲದ ಬಿಸಿಲಿನ ದಿನ ದೊಡ್ಡ ಅಲೆ ಬರಬಹುದು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ನಂತರ ನಮ್ಮ ತೀರಕ್ಕೆ ಬಂದು ಅಪ್ಪಳಿಸುತ್ತವೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಇದು ಹೆಚ್ಚು, ಅಂದರೆ ಸರಿಯಾಗಿ ಮಕ್ಕಳ ರಜೆಯಲ್ಲಿ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚಿನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ತೀರಿಕೊಂಡದ್ದು ಇಂಥ ಅಲೆಯ ಎಚ್ಚರಿಕೆ ಇದ್ದ ಹೊತ್ತಿನಲ್ಲೇ. ಚೆನ್ನೈಯ ಅಕ್ಕನಿಗೆ ಬಂಡೆ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ.

ಈ ಎಚ್ಚರಿಕೆ ಕೊಡುವ ಸಂಸ್ಥೆ ಇಂಕಾಯಿಸ್, ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. ಇರುವುದು ಹೈದರಾಬಾದಿನಲ್ಲಿ! ಹೈದರಾಬಾದಿನ ನಮ್ಮ ಓದುಗರಿಗೆ ಕಡಲಿಲ್ಲದಿದ್ದರೇನು, ಇಡೀ ದೇಶದ ಕಡಲಿನ ಸಮಾಚಾರ ಅವರ ಊರಿನಿಂದಲೇ ಹೊರಡುತ್ತದೆ. ಅವರ ಜಾಲತಾಣದಲ್ಲೂ 'ಸಮುದ್ರ' ಆ್ಯಪಿನಲ್ಲೂ ಎತ್ತರದ ಅಲೆ, ಉಬ್ಬುವ ಅಲೆಗಳ ಎಚ್ಚರಿಕೆ ಜಿಲ್ಲಾವಾರು ಸಿಗುತ್ತದೆ. ಹೊರಡುವ ಹಿಂದಿನ ರಾತ್ರಿ ನೋಡಿ. ಕೆಂಪೋ ಕಿತ್ತಳೆಯೋ ಇದ್ದರೆ ಬಂಡೆ ರದ್ದು, ಚರ್ಚೆಯಿಲ್ಲ. ಬೇರೆ ಆ್ಯಪ್ ನೋಡುವವರು ಅಲೆಯ ಎತ್ತರ ಮಾತ್ರ ನೋಡಿ ಸಮಾಧಾನ ಪಡಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಒಂದು ಮೀಟರಿನ ಅಲೆ 6-7 ಸೆಕೆಂಡಿಗೊಮ್ಮೆ ಬಂದರೆ ಒಂದು ಬಗೆ, ಅದೇ ಒಂದು ಮೀಟರ್ 15-16 ಸೆಕೆಂಡಿಗೊಮ್ಮೆ ಬಂದರೆ ಬೇರೆಯೇ. ಎರಡನೆಯದರ ಬಲ ಬಹಳ ಹೆಚ್ಚು, ಬಂಡೆಗೆ ಬಡಿದಾಗ ಮೇಲಕ್ಕೆ ಏರಿಬರುತ್ತದೆ.

ಇಂಥ ಅಲೆಗಳು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು, ಆಮೇಲೆ ಹತ್ತು ನಿಮಿಷ ಏನೂ ಇಲ್ಲ. ಆ ಹತ್ತು ನಿಮಿಷದಲ್ಲಿ ಬಂದು ನೋಡಿದವನು ಬಂಡೆ ಒಣಗಿದೆ ಎಂದುಕೊಂಡು ಇಳಿಯುತ್ತಾನೆ. ಆದ್ದರಿಂದ ಬಂಡೆಗೆ ಇಳಿಯುವ ಮೊದಲು ಇಪ್ಪತ್ತು ನಿಮಿಷ ದೂರ ನಿಂತು ಬರೀ ನೋಡಬೇಕು. ಚೀಲ ಬಿಚ್ಚಬಾರದು, ರಾಡ್ ಜೋಡಿಸಬಾರದು. ಬಿಚ್ಚಿದ ಮೇಲೆ ವಾಪಸು ಹೋಗಲು ಮನಸ್ಸು ಬರುವುದಿಲ್ಲ. ನಮ್ಮ ಮಾವ ಇಡೀ ಬೀಡಿ ಮುಗಿಯುವವರೆಗೆ ನೋಡುತ್ತಾ ನಿಲ್ಲುತ್ತಿದ್ದರು. 'ಕಡ್ಲಿಗ್ ಬೆನ್ ಹಾಕ್ಕಂಡ್ ನಿಲ್ಬ್ಯಾಡ ಮಗಾ' ಎಂದು ಬೈಯುತ್ತಿದ್ದರು. ಈಗಿನ ಸೆಲ್ಫಿ ನೋಡಿದ್ದರೆ ಏನೆನ್ನುತ್ತಿದ್ದರೋ.

ಒಬ್ಬರೇ ಬಂಡೆಗೆ ಹೋಗಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ನಗುವವರು ನಗಲಿ. ಪುಣೆಯ ಗೆಳೆಯರ ಆ ಹದಿನೆಂಟು ಸಾವಿರದಲ್ಲಿ ನಾಲ್ಕು ಜನರಿಗೆ ಒಳ್ಳೆಯ ಜಾಕೆಟ್ ಬಂದು ರಾಡಿಗೂ ದುಡ್ಡು ಉಳಿಯುತ್ತಿತ್ತು. ನನ್ನ ಬಳಿ ಯಾವಾಗಲೂ ಇರುವ ಇನ್ನೊಂದು ಸಾಮಾನು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್. ಮುಚ್ಚಳ ಬಿಗಿದು, ಹಿಡಿಗೆ ಇಪ್ಪತ್ತು ಮೀಟರ್ ನೈಲಾನ್ ಹಗ್ಗ ಕಟ್ಟಿದ್ದು. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ, ಇದನ್ನು ಎಸೆಯಿರಿ. ಎರಡನೆಯವನು ಹಾರಿದರೆ ಎಷ್ಟೋ ಸಲ ಇಬ್ಬರೂ ಹೋಗುತ್ತಾರೆ. ಬಿದ್ದವನು ಅಲೆಯ ನಡುವೆ ಬಂಡೆ ಹತ್ತಲು ನೋಡಬಾರದು, ಅಲೆ ಎತ್ತಿ ಕಲ್ಲಿಗೇ ಬಡಿಯುತ್ತದೆ. ಬಂಡೆಯಿಂದ ದೂರಕ್ಕೆ, ನೊರೆಯಿಲ್ಲದ ನೀರಿಗೆ ಹೋಗಿ ಅಂಗಾತ ತೇಲುತ್ತಾ ಸಹಾಯಕ್ಕೆ ಕಾಯಬೇಕು. 112 ಎಲ್ಲರಿಗೂ ಗೊತ್ತು. ಕರಾವಳಿ ಕಾವಲು ಪಡೆಯ ಸಂಖ್ಯೆ 1554, ಅದನ್ನೂ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಇಷ್ಟು ಹೆದರಿಸಿದ ಮೇಲೆ ಮೀನಿನ ವಿಷಯಕ್ಕೆ ಬರೋಣ.

ಮರಳಿನ ತೀರದಲ್ಲಿ ಹೊಸಬರಿಗೆ ಕಾಣೆಗಿಂತ ಒಳ್ಳೆಯ ಮೀನಿಲ್ಲ. ಕಾರವಾರದ ಕಡೆ ನೋಗಲಿ, ಮರಾಠಿಯಲ್ಲಿ ಮುಡದುಶಿ. ತೆಳ್ಳಗೆ, ಬೆಳ್ಳಗೆ, ಮರಳಿನ ಬಣ್ಣದ್ದು. ಮಾರುಕಟ್ಟೆಯಲ್ಲಿ ಇದರ ಬೆಲೆ ಕೇಳಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಇದು ದೂರದಲ್ಲಿಲ್ಲ, ಅಲೆ ಒಡೆದು ಮರಳು ಕದಡುವ ಮೊಣಕಾಲು, ಸೊಂಟದ ಆಳದ ನೀರಿನಲ್ಲೇ ಮೇಯುತ್ತಿರುತ್ತದೆ. ಹೊಸ ರಾಡ್ ತಂದವರು ಎಪ್ಪತ್ತು ಮೀಟರ್ ದೂರ ಎಸೆದು, ಕಾಣೆಯ ತಲೆಯ ಮೇಲಿಂದ ದಾಟಿಸುತ್ತಾರೆ. ಇಪ್ಪತ್ತು ಮೀಟರ್ ಸಾಕು. ಸಣ್ಣ ಕೊಕ್ಕೆ, ಏಕೆಂದರೆ ಇದರ ಬಾಯಿ ಸಣ್ಣದು. ಹಗುರ ಸೀಸ, ಕೊಕ್ಕೆಗೂ ಸೀಸಕ್ಕೂ ನಡುವೆ ಒಂದು ಗೇಣು ಎರಡು ಗೇಣು ತೆಳು ದಾರ. ಎರೆಗೆ ಹಸಿ ಸಿಗಡಿ, ಸಿಪ್ಪೆ ಸುಲಿದು ಕಡಲೆಕಾಯಿ ಬೀಜದಷ್ಟು ತುಂಡು. ಫ್ರೀಜರಿನ ಸಿಗಡಿ ಮೆತ್ತಗಾಗಿ ಎಸೆದಾಗಲೇ ಉದುರುತ್ತದೆ, ಬೆಳಿಗ್ಗೆ ಮೀನು ಮಾರುವ ಮಾವಶಿಯ ಹತ್ತಿರ ಐವತ್ತು ರೂಪಾಯಿಯದ್ದು ತೆಗೆದುಕೊಳ್ಳಿ. ಹಾಕಿ ಸುಮ್ಮನೆ ಕೂರಬೇಡಿ, ನಿಧಾನ ಎಳೆಯುತ್ತಾ ನಿಲ್ಲಿಸುತ್ತಾ ಬನ್ನಿ. ಟಕ್ ಟಕ್ ಎಂದು ಎರಡು ಸಲ ಬಡಿದಂತಾಗುತ್ತದೆ. ಎಂಟು ವರ್ಷದ ಹುಡುಗನ ಕೈಗೆ ಅದು ತಿಳಿದರೆ ಸಾಕು, ಆಮೇಲೆ ಅವನು ಟ್ಯಾಬ್ ಕೇಳುವುದಿಲ್ಲ. ಬೆಳಗಿನ ಜಾವ ಅಥವಾ ಸಂಜೆ, ನೀರು ಏರುತ್ತಿರುವ ಹೊತ್ತು ಒಳ್ಳೆಯದು.

ದೊಡ್ಡ ಮೀನಿಗೆ ಜಾಗ ಹುಡುಕುವುದು ಹೇಗೆ ಎಂದು ಇಬ್ಬರು ಕೇಳಿದ್ದಾರೆ. ಸ್ವಲ್ಪ ಎತ್ತರದಲ್ಲಿ ನಿಂತು ತೀರದುದ್ದಕ್ಕೂ ನೋಡಿ. ಬಹುಪಾಲು ಕಡೆ ಅಲೆ ಒಡೆದು ಬೆಳ್ಳಗಿರುತ್ತದೆ. ಮಧ್ಯೆ ಎಲ್ಲೋ ಒಂದು ಕಡೆ ಅಲೆ ಒಡೆಯದೆ ನೀರು ಗಾಢವಾಗಿ, ಶಾಂತವಾಗಿ ಕಾಣುತ್ತದೆ. ಅಲ್ಲಿ ಕೆಳಗೆ ಕಾಲುವೆಯಿದೆ, ಆಳವಿದೆ. ದಡಕ್ಕೆ ಬಂದ ನೀರೆಲ್ಲ ಆ ದಾರಿಯಲ್ಲಿ ವಾಪಸು ಹೋಗುತ್ತದೆ, ಜೊತೆಗೆ ಕದಡಿದ ಮರಳಿನ ಹುಳುಹುಪ್ಪಟೆಯನ್ನೂ ಒಯ್ಯುತ್ತದೆ. ರಾವಸ್, ಕೊಡ್ಡಾಯಿ ಬಂದು ನಿಲ್ಲುವುದು ಅದರ ಅಂಚಿನಲ್ಲಿ. ಗಾಳ ಅಲ್ಲಿಗೇ ಹಾಕಿ. ಆದರೆ ಹುಡುಗರು ಸ್ನಾನಕ್ಕೆ ಆರಿಸಿಕೊಳ್ಳುವುದೂ ಅದೇ ಜಾಗ, ಅಲೆ ಇಲ್ಲ ಅಂತ. ಇಡೀ ತೀರದಲ್ಲಿ ಜನರನ್ನು ಒಳಗೆ ಎಳೆದೊಯ್ಯುವ ಸೆಳವು ಇರುವುದು ಅಲ್ಲೇ. ನಿಮ್ಮ ರಾಡಿನ ಎದುರು ಯಾರಾದರೂ ಅಲ್ಲಿ ಇಳಿಯುತ್ತಿದ್ದರೆ ಮೀನು ಓಡಿತು ಎಂದು ಸಿಟ್ಟಾಗುವ ಬದಲು ಅವರನ್ನು ಮೇಲೆ ಕರೆಯಿರಿ, ಕಾರಣ ಹೇಳಿ. 2016ರ ಫೆಬ್ರುವರಿ 1ರಂದು ಮುರುಡ್ ತೀರದಲ್ಲಿ ಪುಣೆಯಿಂದ ಪಿಕ್ನಿಕ್ಕಿಗೆ ಬಂದ 14 ವಿದ್ಯಾರ್ಥಿಗಳು ಮುಳುಗಿದರು. ಅದೇ ಮರಳಿನಲ್ಲಿ ನಾನು ಹಲವು ಸಲ ಕಾಣೆ ಹಿಡಿದಿದ್ದೇನೆ. ನೋಡಲು ಅಷ್ಟು ಸೌಮ್ಯವಾದ ತೀರ ಕೊಂಕಣದಲ್ಲಿ ಕಡಿಮೆ.

ರಾಡಿನ ಬಗ್ಗೆ ಕೇಳಿದ ಒಂಬತ್ತು ಜನರಿಗೆ ಚುಟುಕಾಗಿ: ಒಂಬತ್ತು ಅಡಿಯ ಸ್ಪಿನ್ನಿಂಗ್ ರಾಡ್, 4000 ಸೈಜಿನ ರೀಲ್, ಎರಡೂ ಸೇರಿ ನಾಲ್ಕೈದು ಸಾವಿರದೊಳಗೆ. ಮೊದಲ ವರ್ಷಕ್ಕೆ ಬೇರೆ ಬೇಡ. ಕಾರ್ಬನ್ ರಾಡ್ ವಿದ್ಯುತ್ತನ್ನು ಹಾಯಿಸುತ್ತದೆ, ಗುಡುಗು ಕೇಳಿದ ಕೂಡಲೇ ಕೆಳಗಿಟ್ಟು ಬಯಲಿನಿಂದ ಹೊರಡಿ.

ಬಂಡೆಯಲ್ಲಿ ಮುರು, ತಾಂಬೋಶಿ, ಅದೃಷ್ಟವಿದ್ದರೆ ಅಳಿವೆಯ ಹತ್ತಿರ ಜಿತಾಡಾ ಸಿಗುತ್ತದೆ. ಹೆಚ್ಚಾಗಿ ಸಿಗುವುದು ತೇಡೆ, ಇಲ್ಲಿ ಶಿಂಗಾಳಾ ಎನ್ನುತ್ತಾರೆ. ಬೆನ್ನಿನ ಮೇಲೊಂದು, ಎರಡು ಪಕ್ಕಕ್ಕೊಂದೊಂದು ವಿಷದ ಮುಳ್ಳು. ಬರಿಗೈಯಲ್ಲಿ ಹಿಡಿಯಲೇಬೇಡಿ, ಇಕ್ಕಳ ಇರಲಿ, ಇಲ್ಲದಿದ್ದರೆ ದಾರ ಕತ್ತರಿಸಿ ಬಿಟ್ಟುಬಿಡಿ. ಮರಳಿನಲ್ಲಿ ತೊರಕೆ ಅಡಗಿರುತ್ತದೆ. 2013ರಲ್ಲಿ ಗಣೇಶ ವಿಸರ್ಜನೆಯ ಹೊತ್ತಿಗೆ ಗಿರ್‌ಗಾಂವ್ ಚೌಪಾಟಿಯಲ್ಲಿ ಇದು ಹತ್ತಾರು ಜನರಿಗೆ ಚುಚ್ಚಿತ್ತು. ನೀರಿನಲ್ಲಿ ಕಾಲೆತ್ತಿ ಇಡದೆ ಮರಳಿನ ಮೇಲೆ ಎಳೆಯುತ್ತಾ ನಡೆಯಿರಿ, ಸದ್ದಿಗೆ ಅದೇ ಸರಿದುಹೋಗುತ್ತದೆ. ಎರಡರ ಮುಳ್ಳಿಗೂ ಮೊದಲ ಉಪಚಾರ ಬಿಸಿನೀರು, ಐಸ್ ಅಲ್ಲ. ತಡೆಯುವಷ್ಟು ಬಿಸಿ, ಆದರೆ 45 ಡಿಗ್ರಿ ಮೀರದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ನೋವಿನಲ್ಲಿರುವವನಿಗೆ ಬಿಸಿ ತಿಳಿಯುವುದಿಲ್ಲ, ಜೊತೆಯವರು ಕೈ ಅದ್ದಿ ನೋಡಿ. ಆಮೇಲೆ ಮುಳ್ಳಿನ ಚೂರು ಉಳಿದಿದೆಯೇ ನೋಡಿಸಲು ಮತ್ತು ಟೆಟನಸ್ ಇಂಜೆಕ್ಷನ್‌ಗೆ ಡಾಕ್ಟರ ಬಳಿ ಹೋಗಲೇಬೇಕು. ಚಹಾಕ್ಕೆಂದು ಒಯ್ಯುವ ಫ್ಲಾಸ್ಕ್ ಜೊತೆಗೆ ಬರೀ ಬಿಸಿನೀರಿನದ್ದೊಂದು ಇರಲಿ. ಹೊಟ್ಟೆ ಉಬ್ಬಿಸಿಕೊಂಡು ಚೆಂಡಾಗುವ ಮೀನು ಸಿಕ್ಕರೆ ಎಷ್ಟೇ ದಪ್ಪವಿದ್ದರೂ ವಾಪಸು ಬಿಡಿ, ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ದಡದ ಗಾಳಕ್ಕೆ ಅದು ಅನ್ವಯಿಸುವುದಿಲ್ಲ ಎಂದು ವಾದಿಸುವ ಗೆಳೆಯರಿದ್ದಾರೆ. ಕಾನೂನು ಹಾಗಿರಲಿ, ಆ ಎರಡು ತಿಂಗಳು ಬಂಡೆಯ ಕಡೆ ತಲೆ ಹಾಕಬೇಡಿ. ಹುಟ್ಟಿದಾಗಿನಿಂದ ಕಡಲಲ್ಲಿ ಇರುವವರೇ ದೋಣಿ ಮೇಲೆಳೆದು ಕೂತಿರುತ್ತಾರೆ. 4.5 ಮೀಟರ್ ಮೀರುವ ಭರತದ ದಿನಗಳ ಪಟ್ಟಿಯನ್ನು ಮುಂಬೈ ಪಾಲಿಕೆ ಮಳೆಗಾಲಕ್ಕೆ ಮುಂಚೆಯೇ ಪ್ರಕಟಿಸುತ್ತದೆ. ಆ ಪಟ್ಟಿ ನೋಡಿ ನಾನು ರೀಲಿಗೆ ಎಣ್ಣೆ ಹಾಕುವ ಕೆಲಸ ಇಟ್ಟುಕೊಳ್ಳುತ್ತೇನೆ. ಅಕ್ಟೋಬರಿನಲ್ಲಿ ನೀರು ತಿಳಿಯಾದ ಮೇಲೆ ಮತ್ತೆ ಶುರು.

ತುಂಡಾದ ತಂಗೂಸಿಯನ್ನು ಅಲ್ಲೇ ಬಿಸಾಡಬೇಡಿ, ಹಕ್ಕಿಗಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಕೋಳಿಗಳ ಬಲೆ ಬಿಟ್ಟಿರುವ ಕಡೆ ಗಾಳ ಹಾಕಬೇಡಿ. ಒಂದು ಬಲೆ ಹರಿದರೆ ಅವರ ಒಂದು ವಾರದ ಸಂಪಾದನೆ ಹೋಯಿತು, ನಮಗದು ಹವ್ಯಾಸ. ಗೇಣುದ್ದದ ಮರಿ ಮುರು ಸಿಕ್ಕರೆ ಬಿಟ್ಟುಬಿಡಿ. ಮನೆಗೆ ಬಂದ ಮೇಲೆ ರೀಲನ್ನು ಸಿಹಿನೀರಿನಲ್ಲಿ ತೊಳೆಯಿರಿ, ಆದರೆ ನಲ್ಲಿ ಜೋರಾಗಿ ಬಿಡಬೇಡಿ, ಉಪ್ಪು ಒಳಗೆ ಸೇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಸಡಿಲ ಮಾಡಿ ನೆರಳಲ್ಲಿ ಒಣಗಲು ಇಡಿ. ಕಾಣೆ ಸಿಕ್ಕಿದ್ದರೆ ಅದೇ ಸಂಜೆ ಹುರಿಯಿರಿ, ಫ್ರಿಜ್ಜಿಗೆ ಇಡುವಷ್ಟು ಹೇಗೂ ಸಿಕ್ಕಿರುವುದಿಲ್ಲ.